ನೆರೆ ನೀರು ಎಲ್ಲಿ ನಿಲ್ಲಬೇಕು? ಗಂಗಾವಳಿ ದಂಡೆಯ ಒಂದು ಲೆಕ್ಕ

ನಮ್ಮ ಮನೆಯ ಜಗಲಿ ಗೋಡೆಯ ಮೇಲೆ ಎರಡು ಗೆರೆಗಳಿವೆ. ಒಂದು 2019ರ ಆಗಸ್ಟ್‌ನದು, ಇನ್ನೊಂದು 2021ರ ಜುಲೈನದು. ಕೆಂಪು ನೀರು ಇಳಿದು ಹೋಗುವಾಗ ಬಿಟ್ಟು ಹೋದ ಕಲೆ ಅದು. ಸುಣ್ಣ ಹೊಡೆದರೂ ಮಳೆಗಾಲದಲ್ಲಿ ಗೋಡೆ ತೇವ ಕುಡಿದಾಗ ಮತ್ತೆ ಎದ್ದು ಕಾಣುತ್ತದೆ. ಅಂಕೋಲಾ ತಾಲೂಕಿನ ಅಗಸೂರು, ಹಿಲ್ಲೂರು, ಡೋಂಗ್ರಿ ಕಡೆ ಹೋದರೆ ಇಂಥ ಗೆರೆ ತೋರಿಸುವ ಮನೆಗಳು ಎಷ್ಟೋ ಸಿಗುತ್ತವೆ.

ನೆರೆ ಇಳಿದ ಮೇಲೆ ಪ್ರತಿ ಸಲ ನಮ್ಮ ಕಡೆ ಒಂದೇ ಬೇಡಿಕೆ ಏಳುತ್ತದೆ. ಹೊಳೆಗೆ ತಡೆಗೋಡೆ ಕಟ್ಟಿಸಿ ಕೊಡಿ. ಮನೆ ಮುಳುಗಿದವರು ಹಾಗೆ ಕೇಳುವುದು ಸಹಜ. ನಾನೂ ಕೇಳಿದ್ದೇನೆ. ಆದರೆ ಗೋಡೆ ಕಟ್ಟಿದರೆ ಆ ನೀರು ಎಲ್ಲಿಗೆ ಹೋಗುತ್ತದೆ? ಕಡಿಮೆಯಂತೂ ಆಗುವುದಿಲ್ಲ. ಎದುರು ದಂಡೆಗೆ ಹೋಗಬಹುದು, ಕೆಳಗಿನ ಊರಿಗೆ ಹೋಗಬಹುದು, ನಮ್ಮದೇ ಗದ್ದೆಯಲ್ಲಿ ನಿಲ್ಲಬಹುದು. ನೆರೆ ಯೋಜನೆ ಅಂದರೆ ಕೊನೆಗೂ ಇದೇ ಪ್ರಶ್ನೆ. ನೀರು ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾರ ಜಾಗದಲ್ಲಿ, ಅವರಿಗೆ ಏನು ಕೊಟ್ಟು? ಇದನ್ನು ಮೊದಲೇ ಎಲ್ಲರ ಎದುರು ಕೂತು ತೀರ್ಮಾನಿಸದೇ ಇದ್ದರೆ ಹೊಳೆಯೇ ರಾತ್ರಿ ಎರಡು ಗಂಟೆಗೆ ತೀರ್ಮಾನ ಮಾಡುತ್ತದೆ.

ಮೊದಲು ನಮ್ಮ ಹೊಳೆಯ ಗುಣ ನೋಡೋಣ. ಇದು ಹುಟ್ಟುವುದು ಘಟ್ಟದ ಮೇಲೆ, ಧಾರವಾಡದ ಸೀಮೆಯಲ್ಲಿ. ಅಲ್ಲಿ ಇದಕ್ಕೆ ಬೇಡ್ತಿ ಎಂದು ಹೆಸರು. ಧಾರವಾಡದ ಹತ್ತಿರ ಹುಟ್ಟುವ ಶಾಲ್ಮಲಾ ಕಲಘಟಗಿ ಬಳಿ ಬೇಡ್ತಿಯನ್ನು ಸೇರುತ್ತದೆ. ಬೇಡ್ತಿ ಯಲ್ಲಾಪುರದ ಮಾಗೋಡಿನಲ್ಲಿ ಸುಮಾರು 200 ಮೀಟರ್ ಧುಮುಕುತ್ತದೆ. ಕೆಳಗೆ ಬಂದ ಮೇಲೆ ಅದಕ್ಕೆ ಗಂಗಾವಳಿ ಎಂದು ಹೆಸರು. ಮಂಜುಗುಣಿ ಮತ್ತು ಗಂಗಾವಳಿ ಊರುಗಳ ನಡುವೆ ಸಮುದ್ರ ಸೇರುತ್ತದೆ. ಉದ್ದ ಸುಮಾರು 150 ಕಿಲೋಮೀಟರ್. ಕಾಳಿ, ಶರಾವತಿಗೆ ಇರುವಂಥ ದೊಡ್ಡ ಅಣೆಕಟ್ಟು ಇದಕ್ಕಿಲ್ಲ. ಮೇಲೆ ಬಿದ್ದದ್ದು ಕೆಳಗೆ ಬರಲೇಬೇಕು.

ಎಷ್ಟು ನೀರು ಬರುತ್ತದೆ? ಲೆಕ್ಕ ಸುಲಭ. ಈ ಹೊಳೆಗೆ ನೀರು ಹರಿಸುವ ಒಟ್ಟು ಪ್ರದೇಶ ಸುಮಾರು 3,900 ಚದರ ಕಿಲೋಮೀಟರ್. ಅಷ್ಟೂ ಜಾಗದಲ್ಲಿ ಒಂದು ದಿನ 100 ಮಿಲಿಮೀಟರ್ ಮಳೆ ಬಿತ್ತು ಅಂದುಕೊಳ್ಳಿ. ಅದು 39 ಕೋಟಿ ಘನ ಮೀಟರ್ ನೀರು. ಅಣೆಕಟ್ಟಿನ ಭಾಷೆಯಲ್ಲಿ ಹೇಳಿದರೆ ಹತ್ತಿರ ಹತ್ತಿರ 14 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಅದರಲ್ಲಿ ಅರ್ಧ ನೆಲಕ್ಕೆ ಇಂಗಿತು, ಅರ್ಧ ಮಾತ್ರ ಹೊಳೆಗೆ ಬಂತು ಎಂದರೂ 7 ಟಿಎಂಸಿ. ಇಷ್ಟು ನೀರು ಒಂದೇ ದಿನದಲ್ಲಿ ಹರಿದು ಹೋಗಬೇಕಾದರೆ ಸರಾಸರಿ 80 ಸಾವಿರ ಕ್ಯೂಸೆಕ್ ಹರಿವು ಬೇಕು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಎರಡು ಕೊಡ ನೀರು ಅಂದುಕೊಳ್ಳಿ. ಸೆಕೆಂಡಿಗೆ ಒಂದು ಲಕ್ಷ ಅರವತ್ತು ಸಾವಿರ ಕೊಡ.

ಆದರೆ ಸರಾಸರಿ ನಂಬಿ ಕೂತರೆ ಮೋಸ ಹೋಗುತ್ತೇವೆ. ಮಳೆ ಎಲ್ಲ ಕಡೆ ಸಮನಾಗಿ ಬೀಳುವುದಿಲ್ಲ. ಘಟ್ಟದ ಇಳಿಜಾರಿನಲ್ಲಿ ದಿನಕ್ಕೆ 200 ಮಿಲಿಮೀಟರ್ ಬೀಳುವಾಗ ಧಾರವಾಡದ ಕಡೆ ಬರೀ ಜಿಟಿಜಿಟಿ ಇರಬಹುದು. ನೆಲವೂ ಯಾವಾಗಲೂ ಒಂದೇ ರೀತಿ ಕುಡಿಯುವುದಿಲ್ಲ. ಮಿರಗದ ಮೊದಲ ಮಳೆಗೆ ಒಣಗಿದ ಮಣ್ಣು ಗಟಗಟ ಕುಡಿಯುತ್ತದೆ. ಪುಷ್ಯ, ಆಶ್ಲೇಷ ಮಳೆಯ ಹೊತ್ತಿಗೆ ಹೊಟ್ಟೆ ತುಂಬಿರುತ್ತದೆ. ಆಮೇಲೆ ಬಿದ್ದದ್ದೆಲ್ಲ ಮೇಲೆಯೇ ಹರಿದು ಹಳ್ಳಕ್ಕೆ ಇಳಿಯುತ್ತದೆ. ಅದಕ್ಕೇ ನಮ್ಮ ದೊಡ್ಡ ನೆರೆಗಳು ಜುಲೈ ಕೊನೆಗೆ, ಆಗಸ್ಟ್ ಮೊದಲ ವಾರಕ್ಕೆ ಬಂದಿವೆ.

ಇನ್ನು ಸಮುದ್ರದ ಪಾಲು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತಿ, ಎರಡು ಸಲ ಇಳಿತ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತಿ ಜೋರು. ಆಗ ಕಾರವಾರದಲ್ಲಿ ಏರು-ಇಳಿತದ ನಡುವೆ ಹತ್ತಿರ ಹತ್ತಿರ ಎರಡು ಮೀಟರ್ ವ್ಯತ್ಯಾಸ ಇರುತ್ತದೆ. ಅಷ್ಟಮಿ ಹೊತ್ತಿಗೆ ಕಡಿಮೆ. ಭರತಿ ಏರುವಾಗ ಅಳಿವೆಯ ಬಾಗಿಲಲ್ಲಿ ಸಮುದ್ರ ಎದುರು ನಿಂತ ಹಾಗೆ. ಹೊಳೆ ನೀರು ಮುಂದೆ ಹೋಗಲಾರದೆ ಹಿಂದೆ ಏರುತ್ತದೆ. ಮಳೆಗಾಲದ ಪಶ್ಚಿಮದ ಗಾಳಿ ಸಮುದ್ರವನ್ನು ದಡಕ್ಕೆ ನೂಕುವಾಗ ಇನ್ನೂ ಜಾಸ್ತಿ. ಅಳಿವೆಯಲ್ಲಿ ಉಸುಕಿನ ದಿಬ್ಬ ಕಟ್ಟಿಕೊಂಡಿದ್ದರೆ ಬಾಗಿಲೇ ಕಿರಿದಾಗುತ್ತದೆ.

ಇಲ್ಲೊಂದು ವಿಷಯ ನನಗೆ ಪಂಚಾಂಗ ತೆಗೆದು ನೋಡಿದಾಗ ಹೊಳೆಯಿತು. 2021ರ ನೆರೆ ಬಂದದ್ದು ಜುಲೈ 22, 23ರಂದು. ಆ ವರ್ಷ ಜುಲೈ 24ಕ್ಕೆ ಹುಣ್ಣಿಮೆ. ಅಂದರೆ ದೊಡ್ಡ ಭರತಿಯ ದಿನಗಳು. ಸರಿ, ಸಮುದ್ರದ್ದೂ ಪಾಲಿತ್ತು. ಆದರೆ 2019ರ ನೆರೆ ಏರಿದ್ದು ಆಗಸ್ಟ್ 5ರ ನಂತರದ ವಾರದಲ್ಲಿ. ಆಗ ಅಷ್ಟಮಿಯ ಆಸುಪಾಸು, ಭರತಿ ಸಣ್ಣದು. ಆದರೂ ನೀರು ಬಂತು. ಆ ಸಲ ಧಾರವಾಡ, ಕಲಘಟಗಿ ಕಡೆಯೂ ಭಾರೀ ಮಳೆ ಹೊಡೆದಿತ್ತು. ಮೇಲಿನ ನೀರು, ಘಟ್ಟದ ನೀರು ಎರಡೂ ಒಟ್ಟಿಗೆ ಬಂದವು. ಹಾಗಾಗಿ ಅಳಿವೆಯ ಉಸುಕು ತೆಗೆದರೆ ಸಾಕು, ನೆರೆ ಬರುವುದಿಲ್ಲ ಎನ್ನುವ ಮಾತು ಅರ್ಧ ಸತ್ಯ. ಕೆಳಗಿನ ನಾಲ್ಕೈದು ಊರುಗಳಿಗೆ ಅದರಿಂದ ಉಪಕಾರ ಇದೆ. ಘಟ್ಟದ ಬುಡದ ಡೋಂಗ್ರಿಗೆ ಅದು ಮುಟ್ಟುವುದೇ ಇಲ್ಲ.

ಈಗ ಹೊಳೆ ಎಷ್ಟು ಹೊರಬಲ್ಲದು ಎನ್ನುವ ಲೆಕ್ಕ. ಅಗಲ, ಆಳ, ವೇಗ ಈ ಮೂರನ್ನು ಗುಣಿಸಿದರೆ ಹರಿವು ಸಿಗುತ್ತದೆ. ಉದಾಹರಣೆಗೆ ಒಂದು ಕಡೆ ಹೊಳೆ 200 ಮೀಟರ್ ಅಗಲ, 8 ಮೀಟರ್ ಆಳ, ನೀರು ಸೆಕೆಂಡಿಗೆ 2 ಮೀಟರ್ ಓಡುತ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ 3,200 ಘನ ಮೀಟರ್, ಅಂದರೆ ಸುಮಾರು 1 ಲಕ್ಷ 13 ಸಾವಿರ ಕ್ಯೂಸೆಕ್. ಅದೇ ಜಾಗದಲ್ಲಿ ಮಣ್ಣು ತುಂಬಿ ಅಗಲ 160 ಮೀಟರ್ ಆಯಿತು. ಅದೇ ನೀರು ಅದೇ ವೇಗದಲ್ಲಿ ಹೋಗಬೇಕಾದರೆ ಆಳ 10 ಮೀಟರ್ ಆಗಬೇಕು. ನೀರು ಎರಡು ಮೀಟರ್ ಮೇಲೆ ಬಂತು. ನಿಜವಾದ ಹೊಳೆಯಲ್ಲಿ ವೇಗವೂ ಸ್ವಲ್ಪ ಬದಲಾಗುತ್ತದೆ, ಲೆಕ್ಕ ಇಷ್ಟು ಸರಳ ಇರುವುದಿಲ್ಲ. ಆದರೂ ಹೊಳೆಯ ಅಗಲ ತಿಂದರೆ ಮನೆಯೊಳಗೆ ನೀರು ಎನ್ನುವುದಕ್ಕೆ ಇಷ್ಟು ಸಾಕು.

ಅಡಿಕೆ ತೋಟ ಇದ್ದವರಿಗೆ ಇದು ಗೊತ್ತೇ ಇದೆ. ತೋಟದ ಕಾಲುವೆಗೆ ಒಂದು ಅಡಿಕೆ ಹಾಳೆ ಅಡ್ಡ ಬಿದ್ದರೆ ಸಾಕು. ಹಾಳೆಯ ಕೆಳಗೆ ನೀರು ಕಡಿಮೆ, ಮೇಲೆ ಮರಗಳು ನಿಂತ ಬರಣದ ಮೇಲೆಲ್ಲ ನೀರು. ನಮ್ಮ ಕಣಿವೆಗೆ ಅಡ್ಡ ಬಿದ್ದ ಹಾಳೆಗಳು ಎಷ್ಟಿವೆ ನೋಡಿ. ಹೆದ್ದಾರಿ, ಕೊಂಕಣ ರೈಲು ಎರಡೂ ಕರಾವಳಿಯ ಎಷ್ಟೋ ಹೊಳೆಗಳ ಬಯಲನ್ನು ಎತ್ತರದ ಮಣ್ಣಿನ ಏರಿ ಹಾಕಿ ದಾಟುತ್ತವೆ. ಹೊಳೆಯ ಮೇಲೆ ಸೇತುವೆ ಇರುತ್ತದೆ, ಅದು ಸರಿ. ಆದರೆ ನೆರೆ ಬಂದಾಗ ನೀರು ಹೊಳೆಯಲ್ಲಿ ಮಾತ್ರ ಹರಿಯುವುದಿಲ್ಲ, ಇಡೀ ಬಯಲಿನ ಮೇಲೆ ಹರಿಯುತ್ತದೆ. ಏರಿಯ ಕೆಳಗೆ ಸಾಕಷ್ಟು ಕಂಡಿ, ಮೋರಿ ಇಲ್ಲದಿದ್ದರೆ ಅದೇ ಒಂದು ಒಡ್ಡು. ಶರಾವತಿಯ ಮೇಲೆ ಹೊನ್ನಾವರದಲ್ಲಿ ರೈಲ್ವೆ ಸೇತುವೆ ಎರಡು ಕಿಲೋಮೀಟರ್‌ಗೂ ಉದ್ದ ಇದೆ. ಅಷ್ಟು ಉದ್ದ ಸುಮ್ನೆ ಕಟ್ಟಿದ್ದಲ್ಲ. ಅಗಲದ ಅಳಿವೆಗೆ ಅಗಲದ ದಾರಿ ಬೇಕು. ಸಣ್ಣ ಹಳ್ಳಗಳ ಮೇಲಿನ ಮೋರಿಗಳಿಗೂ ಅದೇ ಕಾಳಜಿ ಬೇಕಿತ್ತು. ಅಲ್ಲಿ ಎರಡು ಪೈಪು ಹಾಕಿ ಬಿಟ್ಟ ಜಾಗಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೊದಲ ಜೋರು ಮಳೆಗೆ ಕಸ, ಕೊಂಬೆ, ತೆಂಗಿನ ಗರಿ ಬಂದು ಸಿಕ್ಕಿಕೊಳ್ಳುತ್ತವೆ. ಆಮೇಲೆ ಅದು ಮೋರಿಯಲ್ಲ, ಗೋಡೆ.

ನಮ್ಮ ಅಂಕೋಲಾ ತಾಲೂಕಿನ ಶಿರೂರನ್ನು ನೆನೆಯದೆ ಈ ಮಾತು ಮುಗಿಯುವುದಿಲ್ಲ. 2024ರ ಜುಲೈ 16ರ ಬೆಳಿಗ್ಗೆ ಹೆದ್ದಾರಿಯ ಪಕ್ಕದ ಗುಡ್ಡ ಕುಸಿಯಿತು. ಮಣ್ಣು ರಸ್ತೆ ದಾಟಿ ಗಂಗಾವಳಿಗೆ ನುಗ್ಗಿತು. ಹೊಳೆಯ ನೀರು ಎದ್ದು ಎದುರು ದಂಡೆಯ ಉಳುವರೆ ಊರಿಗೆ ಬಡಿಯಿತು. ಅಲ್ಲಿ ಮನೆಗಳು ಹೋದವು. ಆ ದಿನ ಆ ಕುಟುಂಬಗಳಿಗೆ ಬಂದ ನೋವಿನ ಬಗ್ಗೆ ಬರೆಯಲು ನನಗೆ ಶಬ್ದ ಇಲ್ಲ. ಯೋಜನೆಯ ದೃಷ್ಟಿಯಿಂದ ಮಾತ್ರ ಒಂದು ಮಾತು. ಗುಡ್ಡ ಬಿದ್ದ ಮೇಲೆ ಮಣ್ಣಿನ ರಾಶಿ ಹೊಳೆಯ ನಡುವೆ ನಿಂತಿತು. ಮೇಲೆ ಹೇಳಿದ 200 ಮೀಟರ್, 160 ಮೀಟರ್ ಲೆಕ್ಕ ಅಲ್ಲಿ ಕಣ್ಣೆದುರೇ ನಡೆಯಿತು. ಗುಡ್ಡ ಕಡಿಯುವ ಕೆಲಸ ಬೇರೆ ಇಲಾಖೆ, ನೆರೆ ತಡೆಯುವ ಕೆಲಸ ಬೇರೆ ಇಲಾಖೆ ಎಂದು ಕಾಗದದಲ್ಲಿ ಇರಬಹುದು. ಹೊಳೆಗೆ ಎರಡೂ ಒಂದೇ.

ಇನ್ನು ತಡೆಗೋಡೆ, ಒಡ್ಡಿನ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಒಡ್ಡು ಎಷ್ಟು ಎತ್ತರ ಇರಬೇಕು ಎನ್ನುವುದಕ್ಕೆ ನಮ್ಮ ದೇಶದಲ್ಲಿ ಒಂದು ಪದ್ಧತಿ ಇದೆ. ಹೆಚ್ಚಾಗಿ ಕೃಷಿ ಭೂಮಿ ಇರುವಲ್ಲಿ 25 ವರ್ಷಕ್ಕೊಮ್ಮೆ ಬರುವ ನೆರೆಗೆ ಕಟ್ಟುತ್ತಾರೆ. ಪೇಟೆ ಇರುವಲ್ಲಿ 100 ವರ್ಷಕ್ಕೊಮ್ಮೆಯ ನೆರೆಗೆ. ಆ ನೀರಿನ ಮಟ್ಟದ ಮೇಲೆ ಇನ್ನೂ ಒಂದೂವರೆ ಮೀಟರ್ ಆದರೂ ಬಿಡುತ್ತಾರೆ, ಅಲೆಗೆ, ಲೆಕ್ಕದ ತಪ್ಪಿಗೆ ಅಂತ. ಈ "100 ವರ್ಷಕ್ಕೊಮ್ಮೆ" ಎನ್ನುವ ಮಾತು ಬಹಳ ಜನರ ದಾರಿ ತಪ್ಪಿಸುತ್ತದೆ. ಒಮ್ಮೆ ಬಂತು, ಇನ್ನು ನಮ್ಮ ಮೊಮ್ಮಕ್ಕಳ ಕಾಲಕ್ಕೆ ನೋಡಿದರಾಯಿತು ಎಂದು ಭಾವಿಸುತ್ತೇವೆ. ಅದರ ಅರ್ಥ ಹಾಗಲ್ಲ. ಯಾವುದೇ ಒಂದು ವರ್ಷದಲ್ಲಿ ಅಷ್ಟು ದೊಡ್ಡ ನೆರೆ ಬರುವ ಸಾಧ್ಯತೆ ನೂರರಲ್ಲಿ ಒಂದು, ಅಷ್ಟೇ. ಹೋದ ವರ್ಷ ಬಂದಿದ್ದರೂ ಈ ವರ್ಷವೂ ನೂರರಲ್ಲಿ ಒಂದೇ. 30 ವರ್ಷ ಬಾಳುವ ಮನೆಗೆ ಲೆಕ್ಕ ಹಾಕಿದರೆ, ಅಷ್ಟರೊಳಗೆ ಒಮ್ಮೆಯಾದರೂ ಅಂಥ ನೆರೆ ಬರುವ ಸಾಧ್ಯತೆ ನೂರರಲ್ಲಿ 26. 25 ವರ್ಷದ ನೆರೆಗೆ ಕಟ್ಟಿದ ಒಡ್ಡು 25 ವರ್ಷದೊಳಗೆ ಒಮ್ಮೆ ಮುಳುಗುವ ಸಾಧ್ಯತೆ ನೂರರಲ್ಲಿ 64. ಅಂದರೆ ಕೃಷಿ ಭೂಮಿಯ ಒಡ್ಡು ಒಂದಲ್ಲ ಒಂದು ದಿನ ಮುಳುಗುತ್ತದೆ ಎಂದು ತಿಳಿದೇ ಕಟ್ಟಬೇಕು. ಮುಳುಗಿದಾಗ ಅದು ಒಡೆಯಬಾರದು. ಪ್ರಶ್ನೆ ಇರುವುದು ಅಲ್ಲಿ.

ಮುಳುಗುವ ಒಡ್ಡಿಗೂ ಒಡೆಯುವ ಒಡ್ಡಿಗೂ ಬಹಳ ವ್ಯತ್ಯಾಸ. ನೀರು ನಿಧಾನ ಏರಿ ಒಳಗೆ ಬಂದರೆ ಜನ ಎದ್ದು ಹೋಗಬಹುದು, ದನ ಬಿಚ್ಚಬಹುದು. ಒಡ್ಡು ಒಮ್ಮೆಲೇ ಒಡೆದರೆ ಅದರ ಹಿಂದೆ ನಿಂತ ನೀರೆಲ್ಲ ಒಂದೇ ಕಂಡಿಯಲ್ಲಿ ನುಗ್ಗುತ್ತದೆ. ಗದ್ದೆಯ ಮೇಲ್ಮಣ್ಣು ಹೋಗುತ್ತದೆ, ಉಸುಕು ಬಂದು ಬೀಳುತ್ತದೆ. ಒಡ್ಡಿನ ಹಿಂದೆ ಧೈರ್ಯದಿಂದ ಮಲಗಿದವರಿಗೆ ಒಡ್ಡೇ ಇಲ್ಲದವರಿಗಿಂತ ಅಪಾಯ ಜಾಸ್ತಿ. ಅದಕ್ಕೇ ತಿಳಿದವರು ಉದ್ದದ ಒಡ್ಡಿನಲ್ಲಿ ಒಂದು ಕಡೆ ಬೇಕೆಂದೇ ಸ್ವಲ್ಪ ತಗ್ಗು ಬಿಡುತ್ತಾರೆ. ಆ ತಗ್ಗಿಗೆ ಎರಡೂ ಮೈಗೆ ಕಲ್ಲು ಹಾಸುತ್ತಾರೆ. ನೀರು ಹೆಚ್ಚಾದರೆ ಅಲ್ಲಿಂದಲೇ ಹೊರಳಿ ಹೋಗಬೇಕು, ಮನೆಗಳಿಲ್ಲದ ಬಯಲಿಗೆ ಇಳಿಯಬೇಕು. ಕೆರೆಗೆ ಕೋಡಿ ಇದ್ದ ಹಾಗೆ. ಕೋಡಿ ಇಲ್ಲದ ಕೆರೆ ಯಾರೂ ಕಟ್ಟುವುದಿಲ್ಲ, ಅಲ್ವಾ? ಹೊಳೆಯ ಒಡ್ಡಿಗೆ ಮಾತ್ರ ಕೋಡಿ ಮರೆಯುತ್ತೇವೆ.

ಒಡ್ಡಿನ ಇನ್ನೊಂದು ಕಷ್ಟ ಒಳಗಿನ ನೀರು. ಒಡ್ಡಿನ ಒಳಗೂ ಮಳೆ ಬೀಳುತ್ತದೆ. ಗುಡ್ಡದಿಂದ ಹಳ್ಳ ಇಳಿದು ಬರುತ್ತದೆ. ಅದು ಹೊಳೆಗೆ ಹೋಗಲು ತೂಬು ಇಡುತ್ತಾರೆ. ಹೊಳೆಯ ನೀರು ಮೇಲಿದ್ದಾಗ ತೂಬಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಕೆಳಗಿಳಿದಾಗ ತೆರೆದುಕೊಳ್ಳುತ್ತದೆ. ನಮ್ಮಲ್ಲಿ ಭರತಿ ಇಳಿತ ಇರುವುದರಿಂದ ಅಳಿವೆಯ ಹತ್ತಿರದ ತೂಬು ದಿನದ ಅರ್ಧ ಹೊತ್ತು ಮುಚ್ಚಿಯೇ ಇರುತ್ತದೆ. ಹಾಗಾಗಿ ತೂಬನ್ನು ಇಡೀ ದಿನದ ಲೆಕ್ಕಕ್ಕೆ ಕಟ್ಟಿದರೆ ಸಾಲದು. ಇಳಿತದ ಆ ಐದಾರು ಗಂಟೆಯಲ್ಲಿ ಒಳಗಿನ ನೀರೆಲ್ಲ ಹೋಗುವಷ್ಟು ಅಗಲ ಬೇಕು. ಹೊಳೆ ತುಂಬಿ ಎರಡು ದಿನ ಬಾಗಿಲು ತೆರೆಯದಿದ್ದರೆ ಒಳಗಿನ ನೀರಿಗೆ ನಿಲ್ಲಲು ಒಂದು ತಗ್ಗು ಜಾಗವೂ ಬೇಕು. ಇದನ್ನು ಬಿಟ್ಟು ಕಟ್ಟಿದ ಗೋಡೆಯ ಒಳಗೆ ಹೊಳೆ ನೀರು ಬರದಿದ್ದರೂ ಮಳೆ ನೀರಿನಲ್ಲೇ ಊರು ಮುಳುಗುತ್ತದೆ.

ಇದರಲ್ಲಿ ನಮ್ಮ ಹಿರಿಯರಿಗೆ ಒಂದು ಅನುಭವ ಇತ್ತು. ಗಜನಿ ಗದ್ದೆಗಳನ್ನು ನೋಡಿ. ಕುಮಟಾದ ಮಾಣಿಕಟ್ಟಾ ಕಡೆ, ಅಘನಾಶಿನಿಯ ಅಳಿವೆಯಲ್ಲಿ ಇವು ದೊಡ್ಡದಾಗಿ ಇವೆ. ಹಿನ್ನೀರಿನ ಅಂಚಿನ ಉಪ್ಪು ನೆಲಕ್ಕೆ ಮಣ್ಣಿನ ಕಟ್ಟು ಹಾಕಿ, ಹಲಗೆ ಬಾಗಿಲು ಇಟ್ಟು ಗದ್ದೆ ಮಾಡಿದ್ದರು. ಮಳೆ ಶುರುವಾಗಿ ಉಪ್ಪು ತೊಳೆದು ಹೋದ ಮೇಲೆ ಕಗ್ಗ ಭತ್ತದ ಮೊಳಕೆ ಬೀಜ ಚೆಲ್ಲುತ್ತಾರೆ. ಕಗ್ಗ ಉಪ್ಪನ್ನೂ ತಡೆಯುತ್ತದೆ, ಕೆಲವು ದಿನ ನೀರಲ್ಲಿ ಮುಳುಗಿದರೂ ತಡೆಯುತ್ತದೆ. ಕೊಯ್ಲಾದ ಮೇಲೆ ಭರತಿಯ ನೀರು ಒಳಗೆ ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಕಟ್ಟಿನ ರಿಪೇರಿ, ಬಾಗಿಲು ಕಾಯುವ ಕೆಲಸ ಎಲ್ಲ ಊರವರು ಸೇರಿ ಮಾಡುತ್ತಿದ್ದರು. ಆಮೇಲೆ ಉಪ್ಪುನೀರು ತಡೆಯಲು ಸರಕಾರದ ಖಾರ್‌ಲ್ಯಾಂಡ್ ಒಡ್ಡುಗಳು ಬಂದವು. ಗಟ್ಟಿ ಒಡ್ಡು ಬಂತು, ಬಾಗಿಲು ಕಾಯುವ ಜನ ಹೋದರು. ಬಹಳ ಕಡೆ ಭತ್ತವೂ ಹೋಯಿತು, ನೆಲ ಹಾಳು ಬಿತ್ತು, ಕೆಲವೆಡೆ ವರ್ಷವಿಡೀ ಸಿಗಡಿ ಕೆರೆ ಆಯಿತು. ಅಘನಾಶಿನಿಯ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎನ್ನುವ ಮಾನ್ಯತೆ ಸಿಕ್ಕಿದೆ. ಚಿಪ್ಪುಮೀನು, ಹಕ್ಕಿ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ ಎಲ್ಲ ಅದರಲ್ಲಿ ಇವೆ. ಅದರ ಜೊತೆ ಗಜನಿಯನ್ನೂ ನೆರೆ ನೀರಿನ ಜಾಗ ಎಂದು ನೋಡುವುದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ.

ಆದರೆ ಇಲ್ಲೂ ಲೆಕ್ಕ ಪ್ರಾಮಾಣಿಕವಾಗಿ ಹಾಕಬೇಕು. 500 ಹೆಕ್ಟೇರ್ ಬಯಲಲ್ಲಿ ಒಂದು ಮೀಟರ್ ನೀರು ನಿಲ್ಲಿಸಿದರೆ 50 ಲಕ್ಷ ಘನ ಮೀಟರ್. ಕೇಳಲು ದೊಡ್ಡದು. 80 ಸಾವಿರ ಕ್ಯೂಸೆಕ್ ನೆರೆ ಪೂರ್ತಿ ಅದಕ್ಕೆ ತಿರುಗಿಸಿದರೆ 40 ನಿಮಿಷದೊಳಗೆ ತುಂಬಿ ಹೋಗುತ್ತದೆ. ಹಾಗಾದರೆ ಪ್ರಯೋಜನ ಇಲ್ಲವೇ? ಇದೆ. ಇಡೀ ನೆರೆಯನ್ನು ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ. ನೆರೆಯ ತುದಿಯನ್ನು ಮಾತ್ರ ಕತ್ತರಿಸಬೇಕು. ಮನೆಗಳಿಗೆ ಪೆಟ್ಟು ಕೊಡುವುದು ಆ ತುದಿಯ ನಾಲ್ಕೈದು ಗಂಟೆ. ಹೊಳೆ ಅತಿ ಎತ್ತರಕ್ಕೆ ಏರಿದಾಗ ಸೆಕೆಂಡಿಗೆ 300 ಘನ ಮೀಟರ್ ಮಾತ್ರ ಪಕ್ಕಕ್ಕೆ ತೆಗೆದರೆ, ಅದೇ 500 ಹೆಕ್ಟೇರ್ ಬಯಲು ನಾಲ್ಕೂವರೆ ಗಂಟೆ ಕೆಲಸ ಮಾಡುತ್ತದೆ. ಆದರೆ ಆ ಬಯಲು ಅಷ್ಟು ಹೊತ್ತಿಗೆ ಖಾಲಿ ಇರಬೇಕು. ಮೊದಲ ದಿನದ ಸಣ್ಣ ನೀರಿಗೇ ತುಂಬಿ ಕೂತರೆ ತುದಿ ಬಂದಾಗ ಜಾಗ ಇಲ್ಲ. ಕೋಡಿಯ ಎತ್ತರ ಎಷ್ಟು ಎನ್ನುವುದೇ ಇಡೀ ಯೋಜನೆಯ ಜೀವ. ಒಂದು ಅಡಿ ತಗ್ಗಾದರೆ ಪ್ರತಿ ವರ್ಷ ಗದ್ದೆ ಸುಮ್ನೆ ಮುಳುಗುತ್ತದೆ. ಒಂದು ಅಡಿ ಎತ್ತರವಾದರೆ ಮನೆ ಮುಳುಗಿದ ಮೇಲೆ ಗದ್ದೆಗೆ ನೀರು ಬರುತ್ತದೆ.

ಇಲ್ಲಿಗೇ ಆ ಗದ್ದೆಯ ಮಾಲೀಕರ ಪ್ರಶ್ನೆ ಬರುತ್ತದೆ. ಊರಿನ ಮನೆ ಉಳಿಯಲು ತನ್ನ ಗದ್ದೆಗೆ ನೀರು ಬಿಡಲು ಒಬ್ಬ ಒಪ್ಪಬೇಕು. ಯಾಕೆ ಒಪ್ಪಬೇಕು? ಬೆಳೆಹಾನಿ ಪರಿಹಾರಕ್ಕೆ ಅರ್ಜಿ ಕೊಟ್ಟು, ಪಹಣಿ ಹಿಡಿದು ಅಲೆದು, ತಿಂಗಳುಗಟ್ಟಲೆ ಕಾದು ಸಿಗುವ ಹಣ ಬೀಜಕ್ಕೂ ಸಾಲದ ಅನುಭವ ನಮ್ಮ ಮನೆಯಲ್ಲೇ ಇದೆ. ಇಂಥ ಗದ್ದೆಗಳಿಗೆ ಬೇರೆ ಒಪ್ಪಂದ ಬೇಕು. ನೀರು ಬರಲಿ ಬಿಡಲಿ, ಪ್ರತಿ ವರ್ಷ ಎಕರೆಗೆ ಇಷ್ಟು ಎಂದು ಮೊದಲೇ ಕೊಡಬೇಕು. ನೀರು ಬಂದ ವರ್ಷ ಅದರ ಮೇಲೆ ಬೆಳೆಯ ಬೆಲೆ. ಹೂಳು, ಉಸುಕು ತೆಗೆಯುವ ಖರ್ಚು ಬೇರೆ. ಕಗ್ಗದಂಥ ಭತ್ತ ಬೆಳೆದರೆ ಅದನ್ನು ಕೊಳ್ಳುವ ಭರವಸೆ. ಗೋಡೆಗೆ ಸುರಿಯುವ ಕಾಂಕ್ರೀಟಿನ ಖರ್ಚಿನಲ್ಲಿ ಒಂದು ಪಾಲು ಇದಕ್ಕೆ ಇಟ್ಟರೆ ಆಗದ ಮಾತೇನಲ್ಲ.

ಎಲ್ಲ ಬೆಳೆಗೂ ಒಂದೇ ನಿಯಮ ನಡೆಯುವುದಿಲ್ಲ ಎನ್ನುವುದೂ ನೆನಪಿರಲಿ. ಭತ್ತ ಒಂದೆರಡು ದಿನ ಮುಳುಗಿ ಎದ್ದರೆ ಸುಧಾರಿಸಿಕೊಳ್ಳುತ್ತದೆ. ಸ್ವರ್ಣ ಸಬ್-1 ಎನ್ನುವ ತಳಿ ಎರಡು ವಾರದ ತನಕವೂ ಮುಳುಗಿ ಬದುಕಬಲ್ಲದು, ಆದರೆ ಉಪ್ಪು ನೀರಿಗೆ ಅದು ಆಗಿಬರುವುದಿಲ್ಲ. ಅಡಿಕೆ ಮರ ನೆರೆಯಲ್ಲಿ ನಿಂತಿರುತ್ತದೆ, ನಿಜ. ಬುಡದಲ್ಲಿ ವಾರಗಟ್ಟಲೆ ನೀರು ನಿಂತರೆ ಬೇರು ಕೊಳೆಯುತ್ತದೆ. ಮರ ಸತ್ತರೆ ಹೊಸ ಸಸಿ ಫಸಲು ಕೊಡಲು ಐದಾರು ವರ್ಷ ಬೇಕು. ಹಾಗಾಗಿ ಗದ್ದೆಗೆ ನೀರಿನ ಆಳ ನೋಡಬೇಕು, ತೋಟಕ್ಕೆ ನೀರು ನಿಲ್ಲುವ ದಿನ ನೋಡಬೇಕು. ತೋಟದ ಕಡೆ ಒಡ್ಡು ಕಟ್ಟುವುದಕ್ಕಿಂತ ಬಸಿಗಾಲುವೆ ಅಗಲ ಮಾಡುವುದೇ ಹೆಚ್ಚು ಉಪಕಾರ.

ಹಾಗಾದರೆ ತಡೆಗೋಡೆ ಬೇಡವೇ ಎಂದು ಕೇಳಬಹುದು. ಬೇಕು, ಮನೆಗಳು ಗುಂಪಾಗಿ ಇರುವಲ್ಲಿ, ಶಾಲೆ, ಆಸ್ಪತ್ರೆ, ಕುಡಿಯುವ ನೀರಿನ ಬಾವಿ ಇರುವಲ್ಲಿ. ದಂಡೆಯ ತುದಿಯಲ್ಲಿ ಅಲ್ಲ, ಮನೆಗಳ ಹತ್ತಿರಕ್ಕೆ ಹಿಂದೆ ಸರಿಸಿ. ಹೊಳೆಗೆ ಅಂಟಿಸಿ ಕಟ್ಟಿದ ಗೋಡೆಯ ಬುಡವನ್ನು ನೀರು ಕೊರೆಯುತ್ತದೆ, ಹೊಳೆಯ ಅಗಲವೂ ಹೋಗುತ್ತದೆ. ಹಿಂದೆ ಸರಿಸಿದರೆ ನಡುವಿನ ಗದ್ದೆ ಗದ್ದೆಯಾಗಿಯೇ ಇರುತ್ತದೆ, ನೆರೆ ಬಂದ ದಿನ ಹೊಳೆಯಾಗುತ್ತದೆ. ಅಂಚಿನಲ್ಲಿ ಬಿದಿರು, ಹೊಂಗೆ, ಕೆಳಗೆ ಉಪ್ಪುನೀರು ಇರುವಲ್ಲಿ ಕಾಂಡ್ಲಾ ಹಾಕಿದರೆ ದಂಡೆ ಕೊರೆಯುವುದು ಕಡಿಮೆ. ಎಷ್ಟೇ ಮಾಡಿದರೂ ಮುಳುಗುವ ಹತ್ತಾರು ಮನೆಗಳು ಇದ್ದೇ ಇರುತ್ತವೆ. ಅವರಿಗೆ ಅದೇ ಊರಿನಲ್ಲಿ ಎತ್ತರದ ಜಾಗ ಹುಡುಕಿ ಕೊಡಬೇಕು. ಹೊಳೆಯಿಂದ, ಗದ್ದೆಯಿಂದ ಇಪ್ಪತ್ತು ಕಿಲೋಮೀಟರ್ ದೂರದ ಸೈಟು ಕೊಟ್ಟರೆ ಯಾರೂ ಹೋಗುವುದಿಲ್ಲ.

ಅಣೆಕಟ್ಟು ಇದ್ದರೆ ನೆರೆಯೇ ಇರುತ್ತಿರಲಿಲ್ಲ ಎನ್ನುವವರೂ ಇದ್ದಾರೆ. ಅದಕ್ಕೆ ಪಕ್ಕದ ಕಾಳಿಯನ್ನು ನೋಡಿದರೆ ಸಾಕು. ಕಾಳಿಗೆ ಸೂಪಾ, ಬೊಮ್ಮನಹಳ್ಳಿ, ತಟ್ಟಿಹಳ್ಳ, ಕೊಡಸಳ್ಳಿ, ಕದ್ರಾ ಇಷ್ಟು ಅಣೆಕಟ್ಟುಗಳಿವೆ. ಆದರೂ 2019ರಲ್ಲಿ, 2021ರಲ್ಲಿ ಕದ್ರಾದ ಕೆಳಗಿನ ತಗ್ಗು ಊರುಗಳಿಗೆ ನೀರು ನುಗ್ಗಿತು. 101 ಮೀಟರ್ ಎತ್ತರದ ಸೂಪಾ ಬಹಳ ದೊಡ್ಡದು. ಆದರೆ ಅದು ಘಟ್ಟದ ಮೇಲಿದೆ. ಅದರ ಕೆಳಗೆ, ಕೈಗಾ-ಕದ್ರಾದ ದಟ್ಟ ಕಾಡಿನ ಇಳಿಜಾರಿನಲ್ಲಿ ಬೀಳುವ ಮಳೆ ಸೂಪಾಕ್ಕೆ ಸಿಗುವುದೇ ಇಲ್ಲ. ಅದನ್ನು ಹಿಡಿಯಬೇಕಾದದ್ದು ಕೊನೆಯ ಕದ್ರಾ, ಅದರ ಹೊಟ್ಟೆ ಸುಮಾರು 13.7 ಟಿಎಂಸಿ. ಒಂದು ಲಕ್ಷ ಕ್ಯೂಸೆಕ್ ಒಂದು ದಿನ ಹರಿದು ಬಂದರೆ 8.6 ಟಿಎಂಸಿ ಆಗುತ್ತದೆ. ಅಣೆಕಟ್ಟು ತುಂಬಿಕೊಂಡಿದ್ದರೆ ಬಂದದ್ದನ್ನು ಬಂದ ಹಾಗೆ ಬಿಡಬೇಕು. 3 ಟಿಎಂಸಿ ಖಾಲಿ ಇದ್ದು, ಹೊರಬಿಡುವುದಕ್ಕಿಂತ ಒಳಬರುವುದು 50 ಸಾವಿರ ಕ್ಯೂಸೆಕ್ ಜಾಸ್ತಿ ಇದ್ದರೆ, ಸುಮಾರು 16 ಗಂಟೆ ಸಮಯ ಸಿಗುತ್ತದೆ. ಆ 16 ಗಂಟೆ ಕೆಳಗಿನ ಊರಿನ ಪ್ರಾಣ.

ಆದರೆ ವಿದ್ಯುತ್ತಿಗೆ ಅಣೆಕಟ್ಟು ತುಂಬಿರಬೇಕು, ನೆರೆಗೆ ಖಾಲಿ ಇರಬೇಕು. ಕದ್ರಾದ ನೀರು ಕೈಗಾ ಅಣು ಸ್ಥಾವರಕ್ಕೂ ಬೇಕು, ಪೂರ್ತಿ ಇಳಿಸುವಂತಿಲ್ಲ. ಕದ್ರಾದ ಪೂರ್ಣ ಮಟ್ಟ 34.5 ಮೀಟರ್. ಮಳೆಗಾಲದಲ್ಲಿ ಅದಕ್ಕಿಂತ ಕೆಳಗೇ ಇಟ್ಟುಕೊಳ್ಳಿ ಎಂದು ಜಿಲ್ಲಾಡಳಿತ ಹೇಳುತ್ತ ಬಂದಿರುವುದು ಇದೇ ಕಾರಣಕ್ಕೆ, ಮತ್ತು ಅದು ಸರಿಯಾದ ಕ್ರಮ. ಯಾವ ತಿಂಗಳು ಯಾವ ಮಟ್ಟ ಎನ್ನುವ ಪಟ್ಟಿ ಕೆಳಗಿನ ಪ್ರತಿ ಪಂಚಾಯತಿಯ ಗೋಡೆಯ ಮೇಲೆ ಇರಬೇಕು ಎನ್ನುವುದು ನನ್ನ ಆಸೆ. ಜನರಿಗೆ ಗೊತ್ತಿದ್ದರೆ ಜನ ಕೇಳುತ್ತಾರೆ.

ಅಣೆಕಟ್ಟು ಇಲ್ಲದ ಗಂಗಾವಳಿಗೆ ಸಮಯ ಕೊಡಬಲ್ಲದ್ದು ಒಂದೇ, ಮುನ್ಸೂಚನೆ. ನೆರೆಯ ಅಲೆ ಗಂಟೆಗೆ ಆರೇಳು ಕಿಲೋಮೀಟರ್ ಓಡುತ್ತದೆ ಎಂದು ಹಿಡಿದರೂ ಕಲಘಟಗಿಯ ನೀರು ನಮ್ಮ ಕಡೆ ಬರಲು ಹದಿನೈದು ಗಂಟೆ ಮೇಲೆ ಬೇಕು. ಘಟ್ಟದ ಇಳಿಜಾರಿನ ಮಳೆ ಮಾತ್ರ ನಾಲ್ಕೈದು ಗಂಟೆಯಲ್ಲಿ ಬಾಗಿಲಿಗೆ ಬರುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿಗಳಲ್ಲಿ ತಾನಾಗಿ ಅಂಕಿ ಕಳಿಸುವ ಮಳೆಮಾಪಕ ಇಟ್ಟಿದೆ. ಮಳೆಯ ಅಂಕಿ ಇದೆ. ಅದನ್ನು "ನಿಮ್ಮ ಮನೆಯ ಮೆಟ್ಟಿಲಿಗೆ ಇಷ್ಟು ಗಂಟೆಗೆ ನೀರು" ಎನ್ನುವ ಮಾತಾಗಿ ಬದಲಿಸುವ ಕೆಲಸ ಬಾಕಿ ಇದೆ. ಅದಕ್ಕೆ ಸೇತುವೆಯ ಕಂಬಗಳ ಮೇಲೆ ಮೀಟರ್ ಗುರುತು ಬೇಕು. ಮೇಲಿನ ಸೇತುವೆಯಲ್ಲಿ ಇಷ್ಟು ಏರಿದರೆ ಕೆಳಗಿನ ಊರಲ್ಲಿ ಎಷ್ಟು ಹೊತ್ತಿಗೆ ಎಷ್ಟು ಏರುತ್ತದೆ ಎಂದು ಎರಡು ಮೂರು ಮಳೆಗಾಲ ಬರೆದಿಟ್ಟರೆ ಒಂದು ಕೋಷ್ಟಕ ಆಗುತ್ತದೆ. 2021ರಲ್ಲಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಸೇತುವೆಯೇ ಕೊಚ್ಚಿ ಹೋಯಿತು. ಅಂಥ ದಿನ ಫೋನ್ ಟವರ್, ಕರೆಂಟ್ ಯಾವುದೂ ಇರುವುದಿಲ್ಲ. ಹಾಗಾಗಿ ದೇವಸ್ಥಾನದ ಮೈಕು, ಗಂಟೆ, ದೋಣಿ ಇರುವ ಮನೆ, ಹಾಸಿಗೆ ಹಿಡಿದ ಅಜ್ಜಿ ಇರುವ ಮನೆ, ಕೊಟ್ಟಿಗೆ ಬಿಚ್ಚುವವರು ಯಾರು, ಕಾಳಜಿ ಕೇಂದ್ರಕ್ಕೆ ಹೋಗುವ ರಸ್ತೆ ಮೊದಲು ಎಲ್ಲಿ ಮುಳುಗುತ್ತದೆ, ಇವೆಲ್ಲ ಒಂದು ಹಾಳೆಯಲ್ಲಿ ಮೊದಲೇ ಇರಬೇಕು. ನಮ್ಮ ಊರಿನ ಒಂದು ಕಾಳಜಿ ಕೇಂದ್ರಕ್ಕೆ ಹೋಗಬೇಕಾದರೆ ಮುಳುಗುವ ಮೋರಿ ದಾಟಿಯೇ ಹೋಗಬೇಕು. ನಕ್ಷೆ ಮುಂದಿಟ್ಟುಕೊಂಡು ಒಮ್ಮೆ ಕೂತಿದ್ದರೆ ಅದು ಐದು ನಿಮಿಷದಲ್ಲಿ ಕಾಣುತ್ತಿತ್ತು.

ಯೋಜನೆ ಮಾಡಲು ಬರುವ ಎಂಜಿನಿಯರುಗಳಿಗೆ ಮೊದಲು ಬೇಕಾಗುವುದು ನೀರು ಎಲ್ಲಿಯ ತನಕ ಬಂದಿತ್ತು ಎನ್ನುವ ಎತ್ತರ. ಕಂಪ್ಯೂಟರ್ ಹಾಕಿದ ಲೆಕ್ಕ ಸರಿಯೋ ತಪ್ಪೋ ಎಂದು ನೋಡುವುದು ಅದರ ಜೊತೆ ಹೋಲಿಸಿ. ಆ ಅಂಕಿ ಯಾವ ಕಚೇರಿಯ ಕಡತಕ್ಕಿಂತಲೂ ಚೆನ್ನಾಗಿ ನಮ್ಮ ಗೋಡೆಗಳ ಮೇಲಿದೆ. ಈ ಬೇಸಿಗೆಯಲ್ಲಿ ಮನೆಗೆ ಬಣ್ಣ ಹಚ್ಚುವ ಮೊದಲು ಒಂದು ಟೇಪು ಹಿಡಿದು ನೆಲದಿಂದ ಆ ಗೆರೆಯ ತನಕ ಅಳೆಯಿರಿ. ಯಾವ ವರ್ಷ, ಯಾವ ದಿನ, ಹಗಲೋ ರಾತ್ರಿಯೋ, ನೀರು ಎಷ್ಟು ಹೊತ್ತು ನಿಂತಿತ್ತು, ಹೊಳೆ ಕಡೆಯಿಂದ ಬಂತೋ ಹಿತ್ತಲ ಹಳ್ಳದಿಂದ ಬಂತೋ, ಬರೆದಿಡಿ. ಗೆರೆಯ ಒಂದು ಫೋಟೋ ತೆಗೆದು ಪಂಚಾಯತಿಗೆ ಒಂದು ಪ್ರತಿ ಕೊಡಿ. ನಮ್ಮ ಮನೆಯದು 2019ಕ್ಕೆ ನಾಲ್ಕು ಅಡಿ ಎರಡು ಅಂಗುಲ, 2021ಕ್ಕೆ ಮೂರು ಅಡಿ ಒಂಬತ್ತು. ಎರಡು ಸಲವೂ ನೀರು ಮೊದಲು ಬಂದದ್ದು ಹಿತ್ತಲ ಕಡೆಯಿಂದ.